ಅಪ್ಪನ ಕಡೆಯ ಕತೆ

ಬೆಳಿಗ್ಗೆ ಏಳಕ್ಕೆ ಸಣ್ಣ ದೋಣಿಯಿಂದ ಹಡಗು ಹತ್ತಿದ ವರ್ನಾಳಿಗೆ ಎದುರು ಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, ಹಿಮದ ಗೋಡೆ ಎಷ್ಟು ಗಂಟೆಗೆ ಒಡೆದು ನೀರಿಗೆ ಬೀಳುತ್ತದೆ ಎಂದು. ಐವತ್ತೆಂಟರ ಹೆಂಗಸು, ಉತ್ತರದ ಚಳಿ ಸೀಮೆಯ ಹೂನಾ ಊರಿನ ಟ್ಲಿಂಗಿಟ್ ಎಂಬ ಮೂಲನಿವಾಸಿ ಜನದವಳು. ಪ್ರವಾಸಿಗರನ್ನು ಹೊತ್ತು ಕೊಲ್ಲಿಯೊಳಗೆ ಬರುವ ಹಡಗುಗಳಲ್ಲಿ ಮೈಕು ಹಿಡಿದು ತನ್ನ ಜನರ ವಿಷಯ ಹೇಳುವುದು ಆರು ಬೇಸಿಗೆಗಳಿಂದ ಅವಳ ಕೆಲಸ. ಈ ಪ್ರಶ್ನೆ ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿತ್ತು.

"ಅದೇನು ಬಸ್ಸಾ ಸ್ವಾಮಿ, ಹೊತ್ತಿಗೆ ಸರಿಯಾಗಿ ಬರೋಕೆ? ಬಿದ್ರೆ ಬೀಳುತ್ತೆ. ಮೊದಲು ಬಿದ್ದದ್ದು ಕಾಣುತ್ತೆ, ಆಮೇಲೆ ಸದ್ದು ಬರುತ್ತೆ. ಬೆಚ್ಚಗೆ ಹೊದ್ಕೊಂಡು ಬಟಾಣಿ ಸೂಪು ಕುಡೀತಾ ನಿಂತಿರಿ" ಎಂದು ಅವಳು ಎಲ್ಲರಿಗೂ ಹೇಳಿದಳು.

ಸಂಬಳಕ್ಕಾಗಿ ಮಾತ್ರ ಬರುತ್ತಿದ್ದವಳಲ್ಲ ಅವಳು. ಹೂನಾದಿಂದ, ಹಿಮನದಿ ಕಡಲಿಗೆ ಬಂದು ನಿಲ್ಲುವ ಆ ಹಿಮದ ಗೋಡೆಯವರೆಗೆ ದೋಣಿಯಲ್ಲಿ ಇಡೀ ದಿನದ ಹಾದಿ. ಮನೆಯಲ್ಲಿದ್ದ ಒಂದೇ ದೋಣಿಯನ್ನು ಅಣ್ಣ ಮಾರಿಬಿಟ್ಟಿದ್ದ. ಹಡಗು ಬಿಟ್ಟರೆ ಅವಳಿಗೆ ಗತಿಯಿಲ್ಲ. ಅಲ್ಲೇ, ಈಗ ಬರೀ ನೀರು ಮತ್ತು ಹಿಮ ಇರುವ ಕಡೆ, ಅವಳ ಅಪ್ಪನ ಕುಲದವರ ಹಳ್ಳಿಯಿತ್ತು. ಹಿಮ ಇಳಿದು ಬಂದು ಅದನ್ನು ನುಂಗಿ, ಜನ ದೋಣಿ ಹತ್ತಿ ಓಡಿಹೋಗಿ ಇನ್ನೂರೈವತ್ತು ವರ್ಷವಾಗಿರಬಹುದು. ಆದರೂ ಅದು ಅವಳ ತವರು.

ಹಿಮ ಯಾಕೆ ಇಳಿದು ಬಂತು ಎನ್ನುವುದಕ್ಕೆ ಒಂದು ಕತೆಯಿದೆ. ಅದನ್ನು ನಾನಿಲ್ಲಿ ಹೇಳುವುದಿಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ.

ಹನ್ನೊಂದಕ್ಕೆ ರಸೆಲ್ ಬಂದ. ಪ್ರಯಾಣಿಕರ ಮನರಂಜನೆಯೆಲ್ಲ ಅವನ ಉಸ್ತುವಾರಿ. ಕೈಯಲ್ಲಿ ಆ ದಿನದ ಕಾರ್ಯಕ್ರಮದ ಹಾಳೆ: ಒಂದು ಗಂಟೆಗೆ, ಹಿಮದ ಗೋಡೆಯ ಮುಂದೆ, ವರ್ನಾ ಅವರಿಂದ ಆ ಕತೆ.

"ಇದನ್ನ ಯಾರು ಹಾಕಿದ್ದು?" ಎಂದಳು ವರ್ನಾ.

"ನಾನೇ. ನಿಮಗೆ ಗೊತ್ತಲ್ಲ ಆ ಕತೆ?"

"ಬಾಯಿಪಾಠ. ಅಪ್ಪ ಪ್ರತಿ ರಾತ್ರಿ ಹೇಳ್ತಿದ್ದ."

"ಮತ್ತೇನು ತೊಂದರೆ?"

"ಅದು ನಮ್ಮಪ್ಪನ ಕುಲದ್ದು. ನಾನು ಅಮ್ಮನ ಕುಲದವಳು. ನಮ್ಮಲ್ಲಿ ಆಸ್ತಿ ಅಮ್ಮನ ಕಡೆಯಿಂದ ಬರೋದು, ಕತೆನೂ ಆಸ್ತಿನೇ. ಈಗ ಅದು ನನ್ನ ಸೋದರತ್ತೆ ಹಿಲ್ಡಾ ಕೈಲಿದೆ. ಅವಳು ಹೂಂ ಅನ್ನಬೇಕು."

"ಕೇಳಿ ಮತ್ತೆ."

"ಹೋದ ವಾರನೇ ಕೇಳಿದೆ. 'ನನ್ನ ಸತ್ತವರು ಇವರ ಊಟಕ್ಕೆ ಉಪ್ಪಿನಕಾಯಾ?' ಅಂದ್ಲು."

ರಸೆಲ್ ನಕ್ಕ. "ಅವರೇನು ಹಡಗಲ್ಲಿದಾರಾ? ಯಾರಿಗೆ ಗೊತ್ತಾಗುತ್ತೆ?"

ಮೂರು ಬೇಸಿಗೆಯ ಹಿಂದೆ ವರ್ನಾಳೂ ಹೀಗೇ ಅಂದುಕೊಂಡಿದ್ದಳು. ಅಪ್ಪನ ಕತೆ ತಾನೇ ಎಂದು ಹಡಗಿನಲ್ಲಿ ಅರ್ಧ ಹೇಳಿ, ಚಪ್ಪಾಳೆ ಗಿಟ್ಟಿಸಿ ಊರಿಗೆ ಹೋದರೆ, ಸುದ್ದಿ ಅವಳಿಗಿಂತ ಮುಂಚೆ ಹೋಗಿ ಕೂತಿತ್ತು. ಚಳಿಗಾಲದ ದೊಡ್ಡ ಊಟದಲ್ಲಿ ಎರಡೂ ಕುಲದವರ ಎದುರು ನಿಂತು, ಹೊಗೆಗಿಟ್ಟ ಮೀನಿನ ಹನ್ನೆರಡು ಸೀಸೆ, ಒಂದು ಕಂಬಳಿ ತಪ್ಪುಕಾಣಿಕೆ ಕೊಟ್ಟಿದ್ದಳು. ಹಿಲ್ಡಾ ಬೈಯಲಿಲ್ಲ. ಕಂಬಳಿಯನ್ನು ತಾನಿಟ್ಟುಕೊಳ್ಳದೆ ತಕ್ಷಣ ಬೇರೆಯವರಿಗೆ ದಾಟಿಸಿದಳು. ಆ ನಾಚಿಕೆ ವರ್ನಾಳ ಮೈಯಿಂದ ಇನ್ನೂ ಇಳಿದಿರಲಿಲ್ಲ.

"ಹೇಳಲ್ಲ" ಎಂದಳು.

ರಸೆಲ್‌ನ ನಗು ಮಾಯವಾಯಿತು. "ಎರಡು ಸಾವಿರ ಜನ ಓದಿದಾರೆ ಇದನ್ನ. ಹೇಳದೇ ಇದ್ರೆ ಶುಕ್ರವಾರದಿಂದ ನಮಗೆ ಬೇರೆಯವರು ಸಿಕ್ತಾರೆ. ಯೋಚನೆ ಮಾಡಿ."

ಯೋಚನೆ ಮಾಡಿದಳು. ಶುಕ್ರವಾರವಿಲ್ಲ ಎಂದರೆ ಮುಂದಿನ ಬೇಸಿಗೆಯೂ ಇಲ್ಲ. ಹಿಮದ ಆ ನೀಲಿ, ಅದು ಒಡೆಯುವ ಆ ಗುಡುಗು, ಆ ತಣ್ಣನೆಯ ಗಾಳಿ ಒಂದೂ ಇಲ್ಲ. ತನ್ನ ಜನ ಸಮಾರಂಭಕ್ಕೆ ಹೊದೆಯುವ, ಅಂಚಿಗೆ ಗುಂಡಿ ಹೊಲಿದ ಕಂಬಳಿಯನ್ನು ಹೆಗಲಿಗೆ ಬಿಗಿದುಕೊಂಡು ಎದ್ದಳು.

ಒಂದು ಗಂಟೆಗೆ ಹಡಗು ಹಿಮದ ಗೋಡೆಯ ಮುಂದೆ ನಿಂತಿತು. ಡೆಕ್ಕುಗಳ ತುಂಬ ಜನ, ಸೂಪಿನ ಬಟ್ಟಲು, ಫೋನು. ಒಳಗೆ ಗಾಜಿನ ಕೋಣೆಯಲ್ಲಿ ವರ್ನಾ ಮೈಕು ತೆಗೆದುಕೊಂಡಳು.

"ನಿಮ್ಮ ಹಾಳೇಲಿ ಒಂದು ಕತೆ ಬರೆದಿದೆ. ಅದು ನನಗೆ ಪೂರ್ತಿ ಗೊತ್ತು. ಹೇಳಲ್ಲ. ಅದು ನಮ್ಮ ಹಿಲ್ಡಾ ಅತ್ತೆಯದು, ಅವಳು ಬೇಡ ಅಂದಿದಾಳೆ. ಯಾರದೋ ಕೋಟನ್ನ ತಂದು ನಿಮಗೆ ತೊಡಿಸೋಕೆ ನನ್ನ ಕೈಲಾಗಲ್ಲ. ಇವತ್ತು ಏನು ನೋಡಬಹುದು ಅಂತ ಬೆಳಿಗ್ಗೆಯಿಂದ ಕೇಳ್ತಿದೀರಿ. ಏನನ್ನೂ ಕಾಯಬೇಡಿ. ಈ ಹಿಮ ಕಂಪನಿ ಸಂಬಳದ ಆಳಲ್ಲ. ಬೇರೆಯವರ ಮನೆಗೆ ಬಂದಿದೀರಿ, ಬಾಯಿ ಮುಚ್ಚಿ ನಿಂತ್ಕೊಳ್ಳಿ. ನಾನೀಗ ಮನೆಯವರ ಹತ್ರ ಮಾತಾಡಬೇಕು."

ಆಮೇಲೆ ತನ್ನ ಭಾಷೆಯಲ್ಲಿ ಹಿಮದ ಕಡೆ ತಿರುಗಿ ಹೇಳಿದಳು: "ಅಪ್ಪನ ಮನೆಯವರೇ, ನಾನು, ನಿಮ್ಮ ಮಗಳು ಬಂದಿದೀನಿ. ಜೊತೇಲಿ ಒಂದಷ್ಟು ಜನ ಬಂದಿದಾರೆ. ರೀತಿ ನೀತಿ ಗೊತ್ತಿಲ್ಲ ಇವರಿಗೆ, ಹೊಟ್ಟೇಲಿ ಹಾಕ್ಕೊಳ್ಳಿ."

ಅಷ್ಟರಲ್ಲಿ ಮೈಕು ಸತ್ತಿತು. ರಸೆಲ್ ಗುಂಡಿ ಒತ್ತಿದ್ದ. ವರ್ನಾ ಮೈಕನ್ನು ಮೇಜಿನ ಮೇಲಿಟ್ಟು, ಬಾಗಿಲು ತೆಗೆದು ಮುಂದಿನ ಡೆಕ್ಕಿಗೆ ನಡೆದಳು. ಅಲ್ಲಿದ್ದವರು ದಾರಿ ಬಿಟ್ಟರು. ಒಬ್ಬ ಮುದುಕ ಟೋಪಿ ತೆಗೆದ. ಇನ್ನೊಬ್ಬಳು ದುಡ್ಡು ಕೊಟ್ಟು ಬಂದಿದ್ದೇವೆ ಎಂದು ಗೊಣಗಿದಳು. ವರ್ನಾ ಕಂಬಿ ಹಿಡಿದು ಗಂಟಲೆತ್ತಿ ಮಾತು ಮುಂದುವರಿಸಿದಳು. ಅಪ್ಪ ಸತ್ತದ್ದು, ಅಣ್ಣ ದೋಣಿ ಮಾರಿದ್ದು, ಮೊಮ್ಮಗಳು ಹುಟ್ಟಿದ್ದು, ತವರಲ್ಲಿ ಹೇಳುವುದನ್ನೆಲ್ಲ ಹೇಳಿದಳು. ಹಿಮ ಒಂದು ಚೂರೂ ಬೀಳಲಿಲ್ಲ.

ಹಡಗು ನಿಧಾನವಾಗಿ ತಿರುಗತೊಡಗಿತು. ರಸೆಲ್ ಹಿಂದಿನಿಂದ ಬಂದು ನಿಂತ. ಮುಖ ಕೆಂಪಗಾಗಿತ್ತು.

"ಶುಕ್ರವಾರ ಬರಬೇಡಿ."

"ಗೊತ್ತು ಕಣಪ್ಪ."

"ಒಳಗಾದ್ರೂ ಬನ್ನಿ, ಚಳಿ."

"ತವರಿಗೆ ಬೆನ್ನು ಹಾಕೋಳಲ್ಲ ನಾನು. ನೀನು ಹೋಗು."

ಹಡಗು ತಿರುಗಿದಂತೆ ಅವಳೂ ಕಂಬಿ ಹಿಡಿದು ಹಿಂದಕ್ಕೆ ನಡೆದಳು, ಮುಖ ಮಾತ್ರ ಹಿಮದ ಕಡೆಗೇ. ಹಿಂದಿನ ತುದಿಗೆ ಬಂದ ಮೇಲೆ ನಡೆಯಲು ಜಾಗ ಉಳಿಯಲಿಲ್ಲ. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

"ಅಪ್ಪಾ, ಮತ್ತೆ ಬರ್ತೀನಿ" ಎಂದು ಕೂಗಿದಳು. "ಹೇಗೆ ಅಂತ ಮಾತ್ರ ಕೇಳಬೇಡ."