ದೋಸ್ತ್ ಎಂದು ಹೇಳಿ ಬನ್ನಿ

ಸೈನ್ಯದ ನೌಕರಿ ಮುಗಿಸಿ ಮಹಂತೇಶ್ ಜನಕಪುರಿಯ ಮನೆಗೆ ಬಂದ ದಿನ ಹೆಂಡತಿ ಸುಮಿತ್ರಾ ಹೋಳಿಗೆ ಮಾಡಿದ್ದಳು. ಹೋಳಿಗೆ ಖಾಲಿಯಾಯಿತು, ಚಳಿಗಾಲವೂ ಬಂತು. ಗಂಡ ಮಾತ್ರ ಇನ್ನೂ ಹೊರಗಿನ ಕೋಣೆಯ ದಿವಾನದ ಮೇಲೆ ಮಲಗುತ್ತಿದ್ದ.

ಆದದ್ದು ಇಷ್ಟು. ಬಂದ ಹೊಸದರಲ್ಲಿ ಅವನು ಬಾಲ್ಕನಿಯಲ್ಲಿ ನಿಂತಿದ್ದಾಗ ಅವಳು ಸದ್ದಿಲ್ಲದೆ ಹಿಂದಿನಿಂದ ತಬ್ಬಿದ್ದಳು. ಅವನು ಬೆಚ್ಚಿ ತಿರುಗಿ, ಅವಳನ್ನು ಗೋಡೆಗೆ ಒತ್ತಿ ಹಿಡಿದ. ಮರುಕ್ಷಣವೇ ಬಿಟ್ಟ. ಅಂದಿನಿಂದ ಆ ಕೈ ಅವಳ ಹತ್ತಿರ ಸುಳಿದಿರಲಿಲ್ಲ.

ಮೇಲಿನ ಮನೆಯ ಸ್ಫೂರ್ತಿ ನರ್ಸ್. ಟೆರೇಸಿನ ಬಿಸಿಲಲ್ಲಿ ಬಟಾಣಿ ಬಿಡಿಸುವಾಗ ಸುಮಿತ್ರಾ ಅವಳಿಗೆ ನಡೆದದ್ದನ್ನೆಲ್ಲ ಹೇಳಿಕೊಂಡಳು.

“ಅಕ್ಕಾ, ಅವರಿಗೆ ಬೇರೆ ಯಾರಾದ್ರೂ ಇದ್ದಾರೇನೋ.”

“ನಿನ್ನ ತಲೆ! ನಿನಗೆ ಮತ್ತೆ ನೋವಾದೀತು ಅಂತ ಹೆದರಿದ್ದಾರೆ ಕಣೇ.”

“ಫೌಜಿ ಹೆದರ್ತಾರಾ?”

“ಆ ಮೈ ಎಷ್ಟೋ ವರ್ಷ ಕಾವಲು ಕಾದಿದೆ. ಡ್ಯೂಟಿ ಮುಗಿದಿದ್ದು ಅದಕ್ಕಿನ್ನೂ ಗೊತ್ತಾಗಿಲ್ಲ. ಹಿಂದಿನಿಂದ ಹೋಗಬೇಡ. ಎದುರಿಗೆ ಹೋಗು, ಮಾತಾಡಿಸು, ಕೇಳಿ ಮುಟ್ಟು. ಆಮೇಲೆ ಇಬ್ಬರೂ ಕೌನ್ಸೆಲರ್ ಹತ್ರ ಹೋಗಿ.”

“ಅಯ್ಯೋ, ಇದನ್ನೆಲ್ಲ ಹೊರಗಿನವರಿಗೆ ಹೇಳೋದಾ!”

“ಮಂಡಿ ನೋವು ಹೇಳ್ಕೊಳ್ಳಲ್ವಾ? ಇದೂ ಹಾಗೇ. ಚಲೋ, ಬಿಡಿಸು. ಅರ್ಧ ಬಟಾಣಿ ನೀನೇ ತಿಂದೆ!”

ಭಾನುವಾರ ಬೆಳಗ್ಗೆ ಸುಮಿತ್ರಾ ಚಹಾ ಹಿಡಿದು ಹೊರಗಿನ ಕೋಣೆಯ ಬಾಗಿಲಲ್ಲೇ ನಿಂತಳು. ಸೈನ್ಯದ ಪೋಸ್ಟಿಗೆ ಬರುವವರನ್ನು ಕಾವಲಿನ ಸೈನಿಕ ‘ಥಮ್! ಕೌನ್ ಆತಾ ಹೈ?’ ಎಂದು ತಡೆದು ಯಾರೆಂದು ಕೇಳುತ್ತಾನೆ. ನಮ್ಮವರಾದರೆ ‘ದೋಸ್ತ್’ ಎನ್ನಬೇಕು. ಮದುವೆಯಾದ ಹೊಸದರಲ್ಲಿ ಮಹಂತೇಶ್ ರಜೆಗೆ ಬಂದಾಗಲೆಲ್ಲ ಇಬ್ಬರೂ ಇದೇ ಆಟ ಆಡುತ್ತಿದ್ದರು.

“ದೋಸ್ತ್,” ಎಂದಳು, ಅವನು ಕೇಳುವ ಮೊದಲೇ.

ಅವನು ತಲೆಯೆತ್ತಿದ. “ಅವತ್ತು ನಿನ್ನ ಮುಖ ನೋಡಿದೆ ಸುಮಿ. ನಿದ್ದೇಲಿ ಮತ್ತೆ ಹಾಗೇ ಮಾಡಿಬಿಟ್ರೆ ಅಂತ ಇಲ್ಲಿ ಮಲಗ್ತೀನಿ.”

“ನಾನೇ ಬೇಡವಾದೆ ಅಂದ್ಕೊಂಡಿದ್ದೆ ರೀ. ಒಬ್ಬ ಕೌನ್ಸೆಲರ್ ಇದ್ದಾರಂತೆ, ಹೋಗೋಣ್ವಾ?”

“ನಾನೇನು ಪಾಗಲಾ?”

“ಅಲ್ಲ. ಡ್ಯೂಟಿ ಮುಗೀತು ಅಂತ ನಿಮ್ಮ ಮೈಗೆ ಯಾರಾದ್ರೂ ಹೇಳ್ಬೇಕಲ್ಲ!”

ಅವನಿಗೆ ನಗು ಬಂತು. “ಅಚ್ಛಾ, ನೀನೂ ಬರೋದಾದ್ರೆ.” ನಿಧಾನವಾಗಿ ಕೈ ಚಾಚಿದ. “ಹಿಡ್ಕೊಳ್ಳಲಾ?”

ಚಹಾ ಆರಿಹೋಯಿತು.

ಕೌನ್ಸೆಲರ್ ಹತ್ತಿರ ಹೋದರೂ ಎಲ್ಲವೂ ಒಂದೇ ಸಲಕ್ಕೆ ಸರಿಹೋಗಲಿಲ್ಲ. ಕೆಲವು ದಿನ ಬರೀ ಕೈ ಹಿಡಿದು ಕೂತರು. ಈಗ ಆ ದಿವಾನದ ಮೇಲೆ ಇಸ್ತ್ರಿ ಬಟ್ಟೆಗಳು ಮಾತ್ರ ಮಲಗುತ್ತವೆ.

ಸೈನ್ಯದಿಂದ ಮರಳಿದವರೇ, ಅವರ ಮನೆಯವರೇ, ಒಬ್ಬರು ದೂರ ಸರಿದರೆ ಪ್ರೀತಿ ಹೋಯಿತೆಂದು ತಿಳಿಯಬೇಡಿ. ಎದುರು ಕೂತು ಕೇಳಿ. ವೈದ್ಯರನ್ನೋ ಕೌನ್ಸೆಲರನ್ನೋ ಜೊತೆಯಾಗಿ ಕಾಣಿ. ನಿಮ್ಮದೇ ಮನೆಯ ಬಾಗಿಲಲ್ಲಿ ನಿಂತು ‘ದೋಸ್ತ್’ ಎನ್ನಲು ನಾಚಿಕೆ ಏಕೆ?