ಬೌದಿಲಿಯೊ ನಕ್ಷತ್ರ ದಿಟ್ಟಿಸುತ್ತಾನೆ

೧
ಎಲ್ಲಿಂದ ಶುರು ಮಾಡಲಿ? "ಆಕಾಶ ಶುಭ್ರವಾಗಿತ್ತು" ಎಂದು ಬರೆದೆ, ಹೊಡೆದುಹಾಕಿದೆ. ಚಿಲಿಯ ನಮ್ಮ ಈ ವಿಕುನ್ಯಾದಲ್ಲಿ ಅದು ದಿನಾ ಶುಭ್ರವೇ, ಅದರಲ್ಲೇನು ಸುದ್ದಿ? ಸರಿ, ಬೌದಿಲಿಯೊನಿಂದ ಶುರು. ಬೇಕರಿಯವನು, ಒಂಟಿ ಮನುಷ್ಯ. ಸಂಜೆಯಾಯಿತೆಂದರೆ ವಿಧವೆ ಎರ್ಮೆಲಿಂಡಾಳ ತಾರಸಿಗೆ ಹಾಜರು. ಅಲ್ಲಿ ಅವಳ ಟೆಲಿಸ್ಕೋಪಿನಲ್ಲಿ ಇಬ್ಬರೂ ಒಂದು ಕೆಂಪು ನಕ್ಷತ್ರದ ಬೆಳಕು ಅಳೆಯುತ್ತಾರೆ.

೨
(ಅಳೆಯುವುದು ಹೇಗೆ? ಪಕ್ಕದಲ್ಲೇ ಬೆಳಕು ಗೊತ್ತಿರುವ ಎರಡು ನಕ್ಷತ್ರಗಳಿವೆ. ಒಂದು ಏಳು, ಇನ್ನೊಂದು ಎಂಟು. ನಮ್ಮದು ನಡುವೆ ಕಂಡರೆ ಏಳೂವರೆ. ಅಂಕಿ ಕಡಿಮೆಯಾದಷ್ಟೂ ಬೆಳಕು ಜಾಸ್ತಿ. ನನ್ನ ಮುಖ ಯಾಕೆ ನೋಡುತ್ತೀರಿ, ಈ ಲೆಕ್ಕ ನಾನು ಮಾಡಿದ್ದಲ್ಲ.)

೪
(ಮೂರನ್ನು ಹರಿದೆ. ಅದರಲ್ಲಿ ಬರೀ ಸೂರ್ಯಾಸ್ತವಿತ್ತು.)

ಕೆಂಪು ನಕ್ಷತ್ರವನ್ನು ದಿಟ್ಟಿಸಿದರೆ ಅದು ಕಣ್ಣಿಗೆ ಇನ್ನಷ್ಟು ಹೊಳೆಯುತ್ತದೆ. ಬೌದಿಲಿಯೊ ದಿಟ್ಟಿಸುತ್ತಾನೆ. ಹಾಗಾಗಿ ಅವನ ಅಂಕಿ ಯಾವತ್ತೂ ತಪ್ಪು.

"ಕಣ್ಣು ಹಾಯಿಸಿ ತೆಗೀರಿ ಅಂದ್ರೆ ಅಲ್ಲೇ ನೆಟ್ಟುಬಿಡ್ತೀರಲ್ರೀ!" ಎರ್ಮೆಲಿಂಡಾ ರೇಗಿದಳು. "ಇವತ್ತೂ ನಮ್ಮಿಬ್ಬರ ಅಂಕಿ ಹೊಂದ್ಲಿಲ್ಲ ಅಂದ್ರೆ ನಾಳೆಯಿಂದ ಬೇರೆ ಯಾರನ್ನಾದ್ರೂ ಕರ್ಕೋತೀನಿ."

"ಅವರು ಬಿಸಿ ಬ್ರೆಡ್ ತರ್ತಾರಾ?"

"ನಕ್ಷತ್ರಕ್ಕೆ ಬ್ರೆಡ್ ಯಾಕ್ರೀ?"

ಪಾಪ, ಅವನಿಗೆ ನಕ್ಷತ್ರವೂ ಬೇಕಿಲ್ಲ. ಅವನಿಗೆ ಅವಳ ಮೇಲೆ ಪ್ರೀತಿ. ತಾರಸಿ ತಪ್ಪಿದರೆ ಅವಳೂ ತಪ್ಪಿದಂತೆ.

೫
ಬೌದಿಲಿಯೊ ನನ್ನ ತೋಳು ಹಿಡಿದ. "ಸ್ವಾಮಿ, ಪೆನ್ನು ನಿಮ್ಮ ಕೈಲೇ ಇದೆ. ಇಬ್ಬರದೂ ಏಳೂವರೆ ಅಂತ ಬರೆದು ಮುಗಿಸಿ."

"ನಾಚಿಕೆ ಆಗಲ್ವೇನಯ್ಯಾ?"

"ಆಗತ್ತೆ. ಬರೀರಿ."

ಅಂತ್ಯ ಒಂದು: ಮೋಡ ಕವಿಯಿತು. (ವಿಕುನ್ಯಾದಲ್ಲಿ? ಓದುಗರು ಚಪ್ಪಲಿ ಹುಡುಕುತ್ತಾರೆ.)

ಅಂತ್ಯ ಎರಡು: ಅಂಕಿ ಹೊಂದಿತು, ಮದುವೆಯಾಯಿತು.

"ಮದುವೆಯಾ?" ಎರ್ಮೆಲಿಂಡಾ ನನ್ನ ಹಾಳೆ ಕಿತ್ತುಕೊಂಡಳು. "ನನ್ನನ್ನ ಯಾರಾದ್ರೂ ಕೇಳಿದ್ರಾ?"

"ಕೇಳೋಣ ಅಂತಲೇ ದಿನಾ ಬರ್ತಿದೀನಿ," ಎಂದ ಬೌದಿಲಿಯೊ.

ಅವಳು ಹಾಳೆಯನ್ನು ನನ್ನ ಕೈಗೇ ವಾಪಸ್ ತುರುಕಿದಳು. ಆಮೇಲೆ, "ಮೊದಲು ನಕ್ಷತ್ರ ನೋಡಿ," ಎಂದಳು.

೬
ಎರ್ಮೆಲಿಂಡಾ ಅತ್ತ ಮುಖ ಮಾಡಿ ನಿಂತಿದ್ದಾಗ ಬೌದಿಲಿಯೊ ಮೊದಲ ಸಲ ಕಣ್ಣು ಹಾಯಿಸಿ ತಕ್ಷಣ ತೆಗೆದ. ಅಂಕಿಯನ್ನು ನನ್ನ ಕಿವಿಯಲ್ಲಷ್ಟೇ ಹೇಳಿದ. ಅವಳು ನೋಡಿ ಮುಗಿಸುವವರೆಗೆ ಯಾರೂ ಬಾಯಿ ಬಿಡುವಂತಿಲ್ಲ. ಕೇಳಿಸಿಕೊಂಡರೆ ಕಣ್ಣು ಅದೇ ಅಂಕಿಯನ್ನು ಕಾಣುತ್ತದಂತೆ.

ಈಗ ಎರ್ಮೆಲಿಂಡಾ ಟೆಲಿಸ್ಕೋಪಿಗೆ ಬಗ್ಗಿದ್ದಾಳೆ. ಇನ್ನೂ ಬಗ್ಗಿದ್ದಾಳೆ. ಅಯ್ಯೋ ದೇವರೇ! ಅವನ ಎಂದಿನ ತಪ್ಪು ಅಂಕಿಗೆ ತನ್ನದು ಹೊಂದಲಿ ಅಂತ ಇವಳು ದಿಟ್ಟಿಸುತ್ತಿದ್ದಾಳೆ!

ನಾನು ಕೂಗುವಂತಿಲ್ಲ. ನೀವಾದರೂ ಸ್ವಲ್ಪ ಕೆಮ್ಮಿ, ಮಾರಾಯರೇ.