ಸೇರು ಜೋಳದ ಕೂಸು

‘ನಮ್ಮ ಕೂಸು’ ಎಂಬ ಮಾತು ಸತ್ತೆವ್ವನ ಬಾಯಿಂದ ಒಂಬತ್ತು ವರ್ಷಗಳಿಂದ ಹೊರಬಿದ್ದಿರಲಿಲ್ಲ. ಮೊಮ್ಮಗಳು ಶೇವಂತಾ ಕಣ್ಣೆದುರೇ ಆಡಿಕೊಂಡಿದ್ದರೂ ಯಾರಾದರೂ ಕೇಳಿದರೆ, "ನಮ್ದಲ್ರಿ, ಬಾಜೂ ಮನಿ ಸೋನಕ್ಕನ ಕೂಸದು" ಎಂದುಬಿಡುತ್ತಿದ್ದಳು. ಜುಗೂಳ ಊರಿನಲ್ಲಿ ಇದಕ್ಕೆ ಯಾರೂ ನಗುತ್ತಿರಲಿಲ್ಲ. ಮಗ ಬಾಳೇಶನಿಗೆ ಮೊದಲು ಹುಟ್ಟಿದ ಎರಡು ಕೂಸುಗಳು ತೊಟ್ಟಿಲಲ್ಲೇ ಕಣ್ಣು ಮುಚ್ಚಿದ್ದವು. ಮೂರನೆಯದು ಹುಟ್ಟಿದ ಕೂಡಲೇ ಸತ್ತೆವ್ವ ಹಿರಿಯರ ಪದ್ಧತಿಯಂತೆ ಅದನ್ನು ಮೊರದಲ್ಲಿ ಮಲಗಿಸಿ, ಮಕ್ಕಳು ಮೊಮ್ಮಕ್ಕಳಿಂದ ತುಂಬಿದ ಮನೆಯ ಸೋನಾಬಾಯಿಗೆ ಒಂದು ಸೇರು ಜೋಳಕ್ಕೆ ಮಾರಿದಳು. ಇದು ಈ ಮನೆಯ ಕೂಸಲ್ಲವೆಂದು ಜವರಾಯ ಬಾಗಿಲು ದಾಟಿ ಮುಂದೆ ಹೋಗಲಿ ಎಂಬ ಹಂಚಿಕೆ ಅದು. ಮದುವೆಯ ಹೊತ್ತಿಗೆ ಜೋಳ ಕೊಟ್ಟು ಹಿಂದಕ್ಕೆ ಕೊಂಡರಾಯಿತು. ಅಲ್ಲಿಯ ತನಕ ಮಾತ್ರ ನಮ್ಮದು ಎನ್ನುವಂತಿಲ್ಲ.

ಇದರಲ್ಲಿ ಲಾಭವಾದದ್ದು ಶೇವಂತಾಳಿಗೆ. ಸೋನಾಬಾಯಿಯದು ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಹುಡುಗಿ ಅಲ್ಲಿ ಉಂಡು, ಕತ್ತಲಾದ ಮೇಲೆ ಇಲ್ಲಿ ಅಜ್ಜಿಯ ಮುಂದೆ ಮತ್ತೆ ತಾಟು ಹಿಡಿದು ಕೂರುತ್ತಿದ್ದಳು.

ಕುರಿ ಕಾಯುವ ಮನೆತನದ ಬಾಳೇಶ ಬಹಳ ವರ್ಷಗಳಿಂದ ಇಟಲಿಯಲ್ಲಿ ಆಕಳ ಹಿಂಡು ನೋಡಿಕೊಳ್ಳುತ್ತಿದ್ದ. ಹೆಂಡತಿ ಮಾಯಾ ಎರಡು ವರ್ಷದ ಹಿಂದೆ ಹೋಗಿ ತರಕಾರಿ ಪ್ಯಾಕ್ ಮಾಡುವ ಕೆಲಸಕ್ಕೆ ಸೇರಿದ್ದಳು. ಒಂದು ದಿನ ಬಾಳೇಶನ ಫೋನ್ ಬಂತು. ಅಲ್ಲಿ ದುಡಿಯುವವರ ಮಕ್ಕಳಿಗೆ ಸರ್ಕಾರ ತಿಂಗಳು ತಿಂಗಳು ಹಣ ಕೊಡುತ್ತದಂತೆ. ತನ್ನಂತೆ ಅಲ್ಲಿ ಕಾಯಂ ವಾಸದ ಕಾಗದ ಸಿಕ್ಕವರ ಮಕ್ಕಳು ಬೇರೆ ದೇಶದಲ್ಲಿದ್ದರೂ ಕೇಳಬಹುದಂತೆ. ಅದು ಬಂದರೆ ಮಾಯಾ ಕೆಲಸ ಬಿಟ್ಟು ಊರಿಗೆ ಬಂದು ಮಗಳ ಜೊತೆಗಿರಬಹುದು.

ಸತ್ತೆವ್ವನ ಮೈದುನ ಮಾಳಸಿದ್ದನಿಗೆ ಇದು ತಲೆಗೇ ಹತ್ತಲಿಲ್ಲ.

"ಅಲ್ಲೋ ಬಾಳೇಶ, ಆ ದೇಶದ ಸರ್ಕಾರಕ್ಕ ಜುಗೂಳದ ಕೂಸಿನ ಉಸಾಬರಿ ಯಾಕ?"

"ಕಾಕಾ, ನನ್ನ ಜೋಡಿ ಹಾಲ ಹಿಂಡಾವನ ಮಕ್ಕಳಿಗೆ ಕೊಡ್ತಾರ. ನಾನೂ ಅವನಷ್ಟ ದುಡೀತೇನಿ, ಅವನಷ್ಟ ಟ್ಯಾಕ್ಸ್ ಕಟ್ತೇನಿ. ನನ್ನ ಕೂಸು ಜುಗೂಳದಾಗ ಉಂಡ್ರ ಅದು ಊಟ ಅಲ್ಲೇನು?"

"ಹಂಗಾರ ಏನೇನ ಕಾಗದ ಬೇಕು ಹೇಳು" ಎಂದ ಮಾಳಸಿದ್ದ.

ಹುಡುಗಿಯ ಜನನದ ದಾಖಲೆಯೇನೋ ಇತ್ತು. ಆದರೆ ಅವಳು ಯಾರ ಮನೆಯಲ್ಲಿ ಬೆಳೆಯುತ್ತಿದ್ದಾಳೆ ಎಂದು ಊರ ಲೆಕ್ಕಪತ್ರ ನೋಡುವ ತಲಾಟಿ ವಿಚಾರಿಸಿ ಬರೆದುಕೊಡಬೇಕಿತ್ತು. ತಲಾಟಿ ಪ್ರಾಜಕ್ತಾ ನಿಪ್ಪಾಣಿ ಪೇಟೆಯ ಹುಡುಗಿ, ಕೆಲಸಕ್ಕೆ ಹೊಸಬಳು. ಬಂದವಳೇ ಚಹಾ ಕುಡಿದು, ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದ ಶೇವಂತಾಳ ಕಡೆ ಪೆನ್ನು ತೋರಿಸಿ, "ಈಕಿ ಯಾರಾಕಿ ಅಜ್ಜಿ?" ಎಂದು ಕೇಳಿದಳು.

ಸತ್ತೆವ್ವನ ನಾಲಿಗೆಗೆ ಒಂಬತ್ತು ವರ್ಷದ ರೂಢಿ. "ನಮ್ದಲ್ರಿ ಬಾಯಾರ, ಸೋನಕ್ಕನ ಕೂಸದು."

"ಊಟ ಎಲ್ಲಿ?"

"ಹೊತ್ತ ಮುಳುಗೂಕಿಂತ ಮೊದಲ ಅವರ ಮನ್ಯಾಗರಿ."

ಪ್ರಾಜಕ್ತಾ ಪೆನ್ನು ಮುಚ್ಚಿದಳು. ಮಾಳಸಿದ್ದ ಹಣೆ ಬಡಿದುಕೊಂಡು ಮಾರಾಟದ ಕತೆಯನ್ನೆಲ್ಲ ಬಿಡಿಸಿ ಹೇಳಿದ. ಅವಳು ನಕ್ಕಳು, ಆದರೆ ಬರೆಯಲಿಲ್ಲ. "ನೀವು ಹೇಳಿದ್ರ ನಡೆಯೂದಿಲ್ರಿ. ಸಾಕಾಕಿ ಅಜ್ಜಿ, ಅವರ ಬಾಯಿಲೇ ಬರಬೇಕು. ಗುರುವಾರ ಮತ್ತ ಬರ್ತೇನಿ."

"ಕೈಗೆ ಬಂದ ತುತ್ತು ಬಾಯಿಗೆ ಬರದಂಗ ಮಾಡಿದಿ ವೈನಿ" ಎಂದು ಮಾಳಸಿದ್ದ ಅತ್ತಿಗೆಯ ಮೇಲೆ ಹರಿಹಾಯ್ದ. ಎರಡು ಪುಟ್ಟ ಗುಂಡಿಗಳಿಗೆ ಮಣ್ಣು ಎಳೆದದ್ದನ್ನು ಅವನು ಮರೆತಿರಬಹುದು, ಸತ್ತೆವ್ವ ಮರೆತಿರಲಿಲ್ಲ. ಸೊಸೆ ಬರಬೇಕು ನಿಜ. ಬಂದಾಗ ಮಗಳು ಇರಬೇಕಲ್ಲ!

ಮರುದಿನ ಮಾಯಾ ವಿಡಿಯೊ ಕಾಲ್ ಮಾಡಿದಳು. ಬೈಗುಳಕ್ಕೆ ತಯಾರಾಗಿಯೇ ಸತ್ತೆವ್ವ ಫೋನ್ ಹಿಡಿದಳು. ಮಾಯಾ ಬೈಯಲಿಲ್ಲ.

"ನಿಮ್ಮದೇನ ತಪ್ಪಿಲ್ಲ ಬಿಡ್ರಿ ಅತ್ತಿ. ಹಡದಾಕಿ ನಾನು, ನಾನರ ಯಾವಾಗ ಆಕಿನ್ನ ನನ್ನ ಮಗಳ ಅಂದೇನಿ? ಇಲ್ಲಿ ಜೋಡಿ ಕೆಲಸ ಮಾಡಾವ್ರು ಮಕ್ಕಳೆಷ್ಟು ಅಂತ ಕೇಳ್ತಾರ. ಅಂಜಿಕೊಂಡು ಇಲ್ಲ ಅಂತೇನಿ."

ಬಾಗಿಲ ಮರೆಯಲ್ಲಿ ಶೇವಂತಾ ನಿಂತಿದ್ದು ಇಬ್ಬರಿಗೂ ಗೊತ್ತಿರಲಿಲ್ಲ. ಫೋನ್ ಇಟ್ಟ ಮೇಲೆ ಹುಡುಗಿ ಮೆಲ್ಲಗೆ ಕೇಳಿದಳು. "ಆಯಿ, ನೀನೂ ನಮ್ದಲ್ಲ ಅಂತಿ, ಅವ್ವನೂ ಇಲ್ಲ ಅಂತಾಳ. ಮತ್ತ ನಾ ಯಾರಾಕಿ?"

ಮಾರಿದ ಕತೆ ಹುಡುಗಿಗೆ ಗೊತ್ತು, ಅದು ಅವಳಿಗೆ ಆಟದಂತಿದೆ ಎಂದೇ ಮುದುಕಿ ತಿಳಿದಿದ್ದಳು. ಜವರಾಯನಿಗೆ ಕೇಳಿಸಬಾರದೆಂದು ನುಂಗಿದ ಮಾತು ಕೂಸಿಗೂ ಕೇಳಿಸದೇ ಹೋಗಿತ್ತು.

ಗುರುವಾರ ಇಳಿಹೊತ್ತಿಗೆ ಸತ್ತೆವ್ವ ಜೋಳ ತುಂಬಿದ ಮೊರ ಹೊತ್ತು ಸೋನಾಬಾಯಿಯ ಅಂಗಳಕ್ಕೆ ಹೋದಳು.

"ಸೋನಕ್ಕಾ, ಕೂಸಿನ್ನ ತಿರುಗಿ ಕೊಡು. ಮದಿವೀತನಕ ತಡೀಬೇಕನ್ನೂದು ಪದ್ಧತಿ, ಆದ್ರ..."

"ಪದ್ಧತಿ ಮಾಡಿದಾವ್ರೂ ನಮ್ಮಂಥಾ ಮುದುಕೇರ ಬಿಡು" ಎಂದಳು ಸೋನಾಬಾಯಿ. ಆಮೇಲೆ ಮೊರದೊಳಗೆ ಇಣುಕಿ ಮೂಗು ಮುರಿದಳು. "ಆದ್ರ ಒಂದ ಸೇರಿಗೆ ಕೊಡೂದಿಲ್ಲ. ಕೊಂಡಾಗ ಅಂಗೈಯಷ್ಟಿತ್ತು. ನನ್ನ ಚಪಾತಿ ತಿಂದು ಎಷ್ಟು ಬೆಳದೈತಿ ನೋಡು!"

"ಎರಡು ಸೇರು ತಗೋ."

"ಎರಡು ಸೇರು. ಮತ್ತ ಹೊತ್ತ ಮುಳುಗೂ ಮುಂಚಿನ ಊಟ ನನ್ನ ಮನ್ಯಾಗ. ಅದನ್ನ ನಾ ಮಾರೂದಿಲ್ಲ." ಮಾತು ಮುಗಿಯುವಷ್ಟರಲ್ಲಿ ಸೋನಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ವ್ಯವಹಾರ ಕುದುರಿತು. ಜೋಳ ಸುರಿದು ಖಾಲಿ ಮಾಡಿದ ಮೊರದಲ್ಲಿ ಶೇವಂತಾಳನ್ನು ಕೂರಿಸಲು ನೋಡಿದರೆ ಈಗ ಪಾದಗಳಷ್ಟೇ ಹಿಡಿಸಿದವು. ಹಾಗೇ ನಿಲ್ಲಿಸಿ, ಕೈ ಹಿಡಿದು ಇಳಿಸಿಕೊಂಡದ್ದಾಯಿತು. ಅಷ್ಟರಲ್ಲಿ ಪ್ರಾಜಕ್ತಾ ಗಾಡಿ ನಿಲ್ಲಿಸಿ ಅಲ್ಲಿಗೇ ಬಂದಳು.

"ಈಗ ಹೇಳ್ರಿ ಅಜ್ಜಿ, ಈಕಿ ಯಾರಾಕಿ?"

ಸತ್ತೆವ್ವ ಬಾಯಿ ತೆರೆದಳು. ಅದೇ ಹೊತ್ತಿಗೆ ಜೋಳದ ಧೂಳು ಮೂಗಿಗೆ ಹೋಗಿ ಶೇವಂತಾ ಸೀನಿದಳು. ಒಂದೇ ಸೀನು! ಒಂಟಿ ಸೀನು ಅಪಶಕುನವೆಂದು ಯಾರಿಗೆ ಗೊತ್ತಿಲ್ಲ? "ತಡಿ ವೈನಿ, ಇನ್ನೊಂದ ಬರ್ಲಿ" ಎಂದು ಮಾಳಸಿದ್ದ ಕೈ ಅಡ್ಡ ಹಿಡಿದ. ಸೋನಾಬಾಯಿ ದೇವರ ಹೆಸರು ಹೇಳತೊಡಗಿದಳು. ತೊಟ್ಟಿಲಲ್ಲಿ ತಣ್ಣಗಾದ ಎರಡು ಮುಖಗಳು ಸತ್ತೆವ್ವನ ಕಣ್ಣ ಮುಂದೆ ಬಂದವು.

ಶೇವಂತಾ ಎರಡೂ ಕೈಯಿಂದ ಮೂಗು ಮುಚ್ಚಿಕೊಂಡು ಅಜ್ಜಿಯ ಬಾಯನ್ನೇ ನೋಡುತ್ತಿದ್ದಳು. ತಪ್ಪು ಮಾಡಿದೆನೆಂದು ಅವಳ ಕಣ್ಣು ತುಂಬಿತ್ತು. ಸತ್ತೆವ್ವ ಇನ್ನೊಂದು ಸೀನಿಗೆ ಕಾಯಲಿಲ್ಲ.

"ನಮ್ದು! ನಮ್ಮ ಕೂಸು. ನನ್ನ ಮಗನ ಮಗಳು, ನನ್ನ ಸೊಸಿ ಹಡದಾಳ, ನಾ ಸಾಕೇನಿ. ಯಾರಿಗೆ ಕೇಳಸ್ತೈತೋ ಕೇಳಲಿ. ಬರಕೋರಿ ಬಾಯಾರ."

ಪ್ರಾಜಕ್ತಾ ಬರೆದುಕೊಂಡಳು. ಎರಡನೆಯ ಸೀನು ಬಂತೋ ಇಲ್ಲವೋ ಯಾರೂ ಗಮನಿಸಲಿಲ್ಲ. ಏಕೆಂದರೆ ಶೇವಂತಾ ಅಜ್ಜಿಯ ಸೀರೆಯಲ್ಲಿ ಮುಖ ಹುದುಗಿಸಿದ್ದಳು. ಆಮೇಲೆ ತಲೆ ಎತ್ತಿ, "ಅವ್ವಗ ಫೋನ್ ಹಚ್ಚ ಆಯಿ, ಆಕಿನೂ ಅನ್ನಲಿ" ಎಂದಳು.

ಮಾಯಾಳ ಕಡೆ ಆಗಿನ್ನೂ ಮಧ್ಯಾಹ್ನದ ಊಟದ ಬಿಡುವಿನ ಹೊತ್ತು. ತಲೆಗೆ ಬಲೆಯ ಟೊಪ್ಪಿಗೆ ಹಾಕಿಕೊಂಡೇ ಫೋನ್ ಎತ್ತಿದಳು.

"ಅವ್ವಾ, ಆಯಿ ನನ್ನ ತಿರುಗಿ ಕೊಂಡಾಳ. ಎರಡ ಸೇರಿಗೆ! ಇನ್ನ ನೀನೂ ಅನ್ನು."

ಮಾಯಾ ಒಂದು ಗಳಿಗೆ ಅತ್ತೆಯ ಮುಖ ನೋಡಿದಳು. ಸತ್ತೆವ್ವ ತಲೆಯಾಡಿಸಿದಳು. ಮಾಯಾ ಪಕ್ಕದಲ್ಲಿ ಊಟ ಮಾಡುತ್ತಿದ್ದ ಹೆಂಗಸಿನ ಕಡೆ ಫೋನ್ ತಿರುಗಿಸಿ, ಆ ದೇಶದ ಮಾತಿನಲ್ಲಿ ಏನೋ ಹೇಳಿದಳು. ಹೇಳುತ್ತಾ ಅತ್ತಳು. ಆ ಹೆಂಗಸು ಬೆರಗಾಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಬಗ್ಗಿ, ಜುಗೂಳದ ಅಂಗಳದಲ್ಲಿ ನಿಂತ ಹುಡುಗಿಗೆ ಕೈ ಬೀಸಿದಳು.

"ಏನಂದಿ ಅವ್ವಾ?"

"ನನ್ನ ಮಗಳ ಅಂತ ಅಂದೆ."